ಗುರುವಾರದ ಒಗೆತ

ಜೂನ್ ೧೪

ತಮ್ಮಾ,

ಏನು ಹೇಳಿದ್ದರು, ಏನು ಕೊಟ್ಟರು, ಅದನ್ನು ಮೊದಲು ಬರೆದುಬಿಡುತ್ತೇನೆ. ಕುಶಲ ಆಮೇಲೆ.

ದೊಡ್ಡಮನೆಯನ್ನು ಶಾಲೆಯ ಮಕ್ಕಳಿಗೆ ತೆರೆದ ದಿನ ಹೇಳಿದ್ದು: ಯಾವ ಶಾಲೆಯ ಮಗುವಾದರೂ ಮುಂಬಾಗಿಲಿನಿಂದಲೇ ಬರುತ್ತದೆ. ಈಗ ಸರ್ಕಾರಿ ಶಾಲೆಯ ಮಕ್ಕಳು ಹಿತ್ತಲ ಗೇಟಿನಿಂದ ಬರುತ್ತಾರೆ. ಹೇಳಿದ್ದು: ಬಂದ ಕೂಡಲೇ ಎಲ್ಲರೂ ಚೀಟಿ ಎತ್ತುತ್ತಾರೆ, ಹಳೆಯ ಕಾಲದ ಮನೆಯ ಆಟದಲ್ಲಿ ಯಜಮಾನ ಯಾರು ಆಳು ಯಾರು ಅನ್ನುವುದನ್ನು ಚೀಟಿ ಹೇಳುತ್ತದೆ, ಊಟವಾದ ಮೇಲೆ ಮೇಲಿದ್ದವರು ಕೆಳಗೆ, ಕೆಳಗಿದ್ದವರು ಮೇಲೆ. ಆ ಚೀಟಿ ಡಬ್ಬಿ ಈಗ ಮ್ಯಾನೇಜರನ ಬೀರುವಿನ ಮೇಲೆ ಧೂಳು ತಿನ್ನುತ್ತಿದೆ. ಫೀಸಿನ ಶಾಲೆಯವರು ಮಹಡಿಗೆ ಹೋಗಿ ಪಿಯಾನೋ ಮುಟ್ಟುತ್ತಾರೆ, ಗರಿಯ ಲೇಖನಿಯಲ್ಲಿ ಹೆಸರು ಬರೆಯುತ್ತಾರೆ, ಬೆಳ್ಳಿ ಚಮಚ ಹಿಡಿಯುವುದನ್ನು ಕಲಿಯುತ್ತಾರೆ. ಸರ್ಕಾರಿ ಶಾಲೆಯವರು ನೇರ ನನ್ನ ಒಗೆಮನೆಗೆ. ಹೇಳಿದ್ದು: ಬೆಚ್ಚನೆಯ ನೀರು, ಸೋಪಿನ ಪುಡಿ, ಅರ್ಧ ಗಂಟೆಯ ಕೆಲಸ. ಕೊಟ್ಟದ್ದು: ತಣ್ಣೀರು, ಬಟ್ಟೆ ಸೋಡಾ, ಊಟದ ಗಂಟೆ ಹೊಡೆಯುವ ತನಕ ಉಜ್ಜಾಟ. ಹೇಳಿದ್ದು: ಒಬ್ಬ ಕೆಲಸದವರನ್ನೂ ತೆಗೆಯುವುದಿಲ್ಲ. ನನ್ನ ಜೊತೆ ಒಗೆಮನೆ ನೋಡಿಕೊಳ್ಳುತ್ತಿದ್ದ ಇಬ್ಬರು ಹೆಂಗಸರಿಗೆ ಹೋದ ತಿಂಗಳು ಬಾಗಿಲು ತೋರಿಸಿದರು. ಒಬ್ಬಳು ಮಾರ್ಕೆಟ್ಟಿನಲ್ಲಿ ಮೂಟೆ ಹೊಲಿಯುತ್ತಿದ್ದಾಳೆ. ಇನ್ನೊಬ್ಬಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ನಾನೇ ಏನೋ ಚಾಡಿ ಹೇಳಿದೆ ಅಂತ.

‘ಹತ್ತೊಂಬತ್ತನೇ ಶತಮಾನದ ಒಂದು ದಿನ’ ಅಂತ ಇದಕ್ಕೆ ಹೆಸರಿಟ್ಟವನು ನೀನು. ಆಗ ನೀನು ಬರೀ ಚರಿತ್ರೆ ಮೇಷ್ಟ್ರು. ಈಗ ದೊಡ್ಡಮನೆ ನಡೆಸುವ ಸಂಸ್ಥೆಯ ರಾಜಧಾನಿಯ ಮುಖ್ಯ ಕಚೇರಿಯಲ್ಲಿ ಕುರ್ಚಿ ಇರುವವನು. ಓಡಾಡುವ ಕುರ್ಚಿಯಂತೆ, ಅಡುಗೆಯಣ್ಣ ನೋಡಿ ಬಂದು ಹೇಳಿದ. ಅದರ ಮೇಲೆ ಕೂತು ನಾಲ್ಕು ಸುತ್ತು ಸುತ್ತಿ, ಸುತ್ತು ಮುಗಿದ ಮೇಲೆ ಒಂದು ಮಾತು ಮೇಲಿನವರಿಗೆ ಹಾಕು. ಚೀಟಿ ವಾಪಸ್ ಬರಬೇಕು. ಇಷ್ಟೇ.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನೀನು ಮಾತು ಹೊರಳಿಸುತ್ತೀಯ. ಕಾಗದದ ಮೇಲೆ ಹೊರಳಿಸಿದರೆ ಹೊರಳಿಸಿದ ಗುರುತು ಉಳಿಯುತ್ತದೆ.

ನಾವು ಚೆನ್ನಾಗಿದ್ದೇವೆ.

ನಿನ್ನ ಅಕ್ಕ


ಜೂನ್ ೨೫

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಓದಿ ನಗು ಬಂತು, ಆಮೇಲೆ ಬೇಜಾರೂ ಆಯಿತು. ಯೂನಿಯನ್ ಬಿಟ್ಟು ಇಷ್ಟು ವರ್ಷವಾದರೂ ನೀನು ಕುಶಲ ಕೇಳುವ ಮೊದಲು ಬೇಡಿಕೆ ಪಟ್ಟಿ ಓದುತ್ತೀಯ.

ಚೀಟಿಯ ವಿಷಯ ಮೇಲಿನವರ ಗಮನಕ್ಕೆ ತಂದಿದ್ದೇನೆ. ಅದು ಸದ್ಯಕ್ಕೆ ಮಾಡಿದ ವ್ಯವಸ್ಥೆ. ಫೀಸಿನ ಶಾಲೆಯ ಪೋಷಕರಿಂದ ದೂರು ಬಂದಿತ್ತು, ಮಕ್ಕಳ ಬಟ್ಟೆ ಒದ್ದೆಯಾಗುತ್ತದೆ, ನೆಗಡಿ ಆಗುತ್ತದೆ ಅಂತ. ಅವರು ಕೊಡುವ ಹಣದಲ್ಲೇ ಸರ್ಕಾರಿ ಶಾಲೆಯ ಮಕ್ಕಳಿಗೆ ಉಚಿತವಾಗಿ ನಡೆಸುತ್ತಿದ್ದೇವೆ ಅನ್ನುವುದನ್ನು ನೀನು ಮರೆಯಬೇಡ. ತಾಳ್ಮೆ ಇರಲಿ.

ಈಗ ಸಂತೋಷದ ಸುದ್ದಿ ಕೇಳು. ಸರ್ಕಾರಿ ಶಾಲೆಯ ಆರನೇ ತರಗತಿಯವರು ಇನ್ನು ಮೇಲೆ ವರ್ಷಕ್ಕೊಂದು ಸಲವಲ್ಲ, ಪ್ರತಿ ಗುರುವಾರ ಬರುತ್ತಾರೆ. ಮಧ್ಯಾಹ್ನದ ಊಟವೂ ಅಲ್ಲೇ. ಒಂದೇ ದಿನ ಬಂದು ಫೋಟೋ ತೆಗೆಸಿಕೊಂಡು ಹೋದರೆ ಆ ಕಾಲದ ಬದುಕು ಮೈಗೆ ಹತ್ತುವುದಿಲ್ಲ ಅಂತ ನಾನು ಎರಡು ವರ್ಷದಿಂದ ಹೊಡೆದಾಡುತ್ತಿದ್ದೆ. ಇನ್ನೊಂದು: ಹೊಸ ಕೈಪಿಡಿಯಲ್ಲಿ ನನ್ನ ಸಾಲೊಂದನ್ನು ಹಾಗೇ ಅಚ್ಚು ಮಾಡಿದ್ದಾರೆ. ‘ತೋರಿಕೆಯ ಕೊಳೆ ಬೇಡ, ನಿಜವಾದ ಕೊಳೆ ಇರಲಿ, ಸುಳ್ಳನ್ನು ಮಕ್ಕಳು ಒಂದೇ ನೋಟಕ್ಕೆ ಹಿಡಿಯುತ್ತಾರೆ.’ ಮಣ್ಣು ಮೆತ್ತಿದ ಅದೇ ಹಳೆಯ ಬಟ್ಟೆಗಳನ್ನು ವಾರ ವಾರ ಕೊಟ್ಟರೆ ಮಕ್ಕಳು ಮುಖ ಮುಖ ನೋಡಿಕೊಂಡು ನಗುತ್ತಾರೆ ಅಂತ ನೀನೇ ಹೇಳಿದ್ದೆಯಲ್ಲ. ಆ ಮಾತೇ ಇದಕ್ಕೆ ಬೀಜ.

ಅಮ್ಮ ಕಂಡವರ ಮನೆಯ ಬಟ್ಟೆ ಒಗೆಯುವಾಗ ನಾನು ಆ ಕಲ್ಲಿನ ಪಕ್ಕ ಕೂತು ಮಗ್ಗಿ ಬರೆಯುತ್ತಿದ್ದೆ. ಅವಳ ಬೆನ್ನು ಹೇಗೆ ಏಳುತ್ತಿತ್ತು, ಹೇಗೆ ಬೀಳುತ್ತಿತ್ತು ಅನ್ನುವುದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಮಕ್ಕಳಿಗೆ ಅದು ಗೊತ್ತಾಗಲಿ ಅನ್ನುವುದಷ್ಟೇ ನನ್ನ ಆಸೆ.

ಭಾವನವರಿಗೆ ನಮಸ್ಕಾರ. ಮಗುವಿಗೆ ಆಶೀರ್ವಾದ.

ನಿನ್ನ ತಮ್ಮ


ಜುಲೈ ೧೧

ತಮ್ಮಾ,

ಸಿಟ್ಟು ಪೂರ್ತಿ ಇಳಿದಿಲ್ಲ, ಆದರೆ ನಿನ್ನ ಕೈಪಿಡಿಯನ್ನು ಹೊಗಳಲೇಬೇಕು. ಹೇಳಿದಂತೆ ನಿಜವಾದ ಕೊಳೆ ಬಂದಿದೆ. ನಿನ್ನೆ ಗುರುವಾರ ಬುಟ್ಟಿ ಬುಟ್ಟಿ ಬಂತು. ಇಷ್ಟುದ್ದ ಮೇಜಿನ ಬಟ್ಟೆಗಳು, ಕೈ ಒರೆಸುವ ಚೌಕಗಳು, ಜಿಡ್ಡು, ಮೇಣದ ಹನಿ, ದ್ರಾಕ್ಷಾರಸದ ಕಲೆ. ಯಾರು ಕೂತು ಕಲೆ ಮಾಡುತ್ತಾರೋ, ಕಲಾವಿದನೇ ಇರಬೇಕು. ಮೂಲೆಯಲ್ಲಿ ಕೆಂಪು ದಾರದ ಗುರುತು ಬೇರೆ ಹಾಕಿದ್ದಾರೆ, ಆ ಕಾಲದ ಮನೆತನದ ಗುರುತಿರಬೇಕು ಅಂದುಕೊಂಡೆ.

ಮಕ್ಕಳು ಈ ಸಲ ನಗಲಿಲ್ಲ. ತೋಳು ಮಡಚಿ ಇಳಿದರು. ಅವರಲ್ಲೊಂದು ಹುಡುಗಿ ಇದ್ದಾಳೆ, ಪ್ರಶ್ನೆಯ ಮೇಲೆ ಪ್ರಶ್ನೆ. ಜೊತೆಯ ಮಕ್ಕಳು ಅವಳನ್ನು ಲಾಯರಮ್ಮ ಅನ್ನುತ್ತಾರೆ. ಒಂದು ಚೌಕ ಎತ್ತಿ ಹಿಡಿದು, “ಆ ಕಾಲದಲ್ಲಿ ಲಿಪ್‌ಸ್ಟಿಕ್ ಇತ್ತಾ?” ಅಂದಳು. ನೋಡಿದರೆ ಹೌದು, ತುಟಿಯ ಅಚ್ಚು, ಕೆಂಪಗೆ. ಗಂಟೆಯಿಂದ ಗಂಟೆಯ ತನಕ ಆ ಕಾಲ ಬಿಟ್ಟು ಈಚೆ ಬರಬಾರದು ಅನ್ನುವುದು ನೀನೇ ಮಾಡಿದ ಕಾನೂನು. ನಾನು ಆ ಮನೆಯ ಹಿರಿಯ ಕೆಲಸದವಳು, ಬಾಯಿ ಬಿಟ್ಟರೆ ಬೈಗುಳವೇ ಬರಬೇಕು. ಯಜಮಾನ್ತಿಯ ತುಟಿ ನೋಡೋಕೆ ನಿನಗೆ ಸಂಬಳ ಕೊಡ್ತಾರಾ ಅಂತ ಗದರಿಸಿದೆ. ಅಡುಗೆಯಣ್ಣ ಒಲೆಯ ಹತ್ತಿರ ತಿರುಗಿ ನಿಂತು ಹೊಟ್ಟೆ ಹಿಡಿದುಕೊಂಡ.

ಕೊನೆಗೆ ಅದೇ ಹುಡುಗಿ ಕೈ ಉರಿಯುತ್ತಿದೆ ಅಂದಳು. “ಆಳಿನ ಕೈ ಉರೀದೆ ಯಜಮಾನ್ರ ಕೈ ಉರಿಯುತ್ತಾ? ಉಜ್ಜು” ಅಂದೆ. ಎಲ್ಲಾ ಮಕ್ಕಳು ಆ ಮಾತನ್ನು ಬರೆದುಕೊಂಡರು. ಅವರ ಟೀಚರಮ್ಮ ಬೆಂಚಿನ ಮೇಲೆ ಕೂತು ತಲೆದೂಗಿದರು. ಪಾಠ ಅಂದರೆ ಇದು ಅಂದರು.

ಸೋಡಾ ಜಾಸ್ತಿಯಾಗುತ್ತಿದೆ. ಸೋಪಿನ ಪುಡಿ ಬೇಕು. ಚೀಟಿ ಏನಾಯಿತು?

ಅಕ್ಕ


ಜುಲೈ ೧೯

ಅಕ್ಕಾ,

ಆತುರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಕಾಗದವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ಲಿಪ್‌ಸ್ಟಿಕ್ಕಿನ ಭಾಗ ಮಾತ್ರ ಬಿಟ್ಟೆ. ಎಲ್ಲರಿಗೂ ಬಹಳ ಹಿಡಿಸಿತು. ‘ಆಳಿನ ಕೈ’ ಮಾತನ್ನು ನಿರ್ದೇಶಕರು ಎರಡು ಸಲ ಹೇಳಿಸಿದರು.

ಆ ಲಾಯರಮ್ಮನದು ಒಂದು ಫೋಟೋ ಬೇಕು. ವರದಿಯ ಮುಖಪುಟಕ್ಕೆ. ಕೈ ನೀರಿನೊಳಗಿರಲಿ, ಮುಖದಲ್ಲಿ ನಗು ಇರಲಿ, ಹಿಂದೆ ಹಂಡೆ ಕಾಣಲಿ. ಮ್ಯಾನೇಜರಿಗೂ ಹೇಳಿದ್ದೇನೆ.

ಸೋಡಾ ವಿಷಯ ವಿಚಾರಿಸುತ್ತೇನೆ.

ತಮ್ಮ


ಆಗಸ್ಟ್ ೮

ತಮ್ಮಾ,

ಫೋಟೋ ಕಳಿಸುವುದಿಲ್ಲ. ಯಾಕೆ ಅಂತ ಕೇಳು.

ಬಸ್ ನಿಲ್ದಾಣದ ಎದುರಿನ ಲಾಂಡ್ರಿಯವನು ನಿನಗೆ ಗೊತ್ತು. ಅವನ ಅಂಗಡಿಯ ಮುಂದೆ ನಾವಿಬ್ಬರೂ ಕಾಲೇಜಿನ ಪೋಸ್ಟರ್ ಅಂಟಿಸಿ ಬೈಸಿಕೊಂಡಿದ್ದೆವು. ಭಾನುವಾರ ನನ್ನನ್ನು ನಿಲ್ಲಿಸಿ, “ಏನಕ್ಕಾ, ದೊಡ್ಮನೆ ಮೇಲಿನ ಊಟ ನಿಂತೋಯ್ತಾ?” ಅಂದ. ನಿಮಗೆ ಅಲ್ಲಿ ಕೂತವರಿಗೆ ಅದರ ಸದ್ದು ಕೇಳದಿರಬಹುದು, ನನಗೆ ಕೇಳುತ್ತದೆ. ಬುಧವಾರ ಒಂದು, ಶುಕ್ರವಾರ ಒಂದು, ಸಂಜೆಯ ಔತಣ. ಮಹಡಿಯ ಹಾಲನ್ನು ಕಂಪನಿಯವರಿಗೆ, ಮದುವೆಯವರಿಗೆ ಬಾಡಿಗೆಗೆ ಬಿಡುತ್ತಾರೆ, ಹಳೆಯ ಕಾಲದ ದೀಪ, ಹಳೆಯ ಕಾಲದ ತಟ್ಟೆ. ನಿಂತಿಲ್ಲ, ಜೋರಾಗಿಯೇ ಇದೆ ಅಂದೆ. ಅವನ ಮುಖ ಇಳಿಯಿತು.

“ಹಾಗಾದ್ರೆ ಬಟ್ಟೆ ಯಾರಿಗೆ ಹೋಗ್ತಿದೆ? ಹನ್ನೆರಡು ವರ್ಷದಿಂದ ನಾನೇ ಒಗೀತಿದ್ದೆ. ಜುಲೈಯಿಂದ ಒಂದು ಗಂಟೂ ಬಂದಿಲ್ಲ. ಹೊಟ್ಟೆ ಮೇಲೆ ಹೊಡೆದೋರು ಯಾರು ಅಂತ ಹೆಸರು ಹೇಳಿ, ನಾನೇ ಹೋಗಿ ಮಾತಾಡ್ತೀನಿ.”

ಒಳಗೆ ನೇತುಹಾಕಿದ್ದ ಬೇರೆಯವರ ಬಟ್ಟೆಯ ಮೂಲೆಯಲ್ಲಿ ಕೆಂಪು ದಾರ ಕಂಡಿತು. ಅವನ ಅಂಗಡಿಯ ಗುರುತು. ಮನೆತನದ ಗುರುತೂ ಅಲ್ಲ, ಮಣ್ಣೂ ಅಲ್ಲ. ನಾನು ಕಲಾವಿದ ಅಂತ ಹೊಗಳಿದವನು ಯಾರೋ ಕುಡಿದು ಚೆಲ್ಲಿ ಎದ್ದು ಹೋದವನು.

ಹೆಸರು ಹೇಗೆ ಹೇಳಲಿ? ಅವನ ಹೊಟ್ಟೆಯ ಮೇಲೆ ಹೊಡೆದವರಿಗೆ ಹನ್ನೊಂದು ವರ್ಷ ವಯಸ್ಸು. ಅವರಿಗೆ ಅದು ಪಾಠ ಅಂತ ಹೇಳಿದ್ದಾರೆ. ಪರೀಕ್ಷೆಯಲ್ಲಿ ಪ್ರಶ್ನೆ ಬರುತ್ತದೆ ಅಂತಲೂ ಹೇಳಿದ್ದಾರೆ.

ಮ್ಯಾನೇಜರನ್ನು ಕೇಳಿದೆ. ಒಂದಿಷ್ಟೂ ಕದಲಲಿಲ್ಲ. ಕೈಪಿಡಿ ತೆಗೆದು ನಿನ್ನ ಸಾಲಿನ ಮೇಲೆ ಬೆರಳಿಟ್ಟ. “ನಿಮ್ಮ ತಮ್ಮನೇ ಬರೆದಿರೋದು. ನಾನು ಪಾಲಿಸ್ತಿದೀನಿ ಅಷ್ಟೆ” ಅಂದ.

ತಮ್ಮಾ, ನೀನು ಹೀಗೆ ಅಂತ ಬರೆಯಲಿಲ್ಲ, ನನಗೆ ಗೊತ್ತು. ಅದಕ್ಕೇ ಹೇಳುತ್ತೇನೆ, ಬರೆದ ಸಾಲನ್ನು ನೀನೇ ಹೊಡೆದುಹಾಕು. ಗುರುವಾರದ ಒಗೆತ ನಿಲ್ಲಬೇಕು. ಮಕ್ಕಳ ಬೆರಳ ಸಂದಿಯಲ್ಲಿ ಚರ್ಮ ಎದ್ದಿದೆ. ಇದು ಆ ಕಾಲದ ಒಂದು ದಿನ ಅಲ್ಲ. ಈ ಕಾಲದ ಕೂಲಿ, ಕೂಲಿಯೇ ಇಲ್ಲದ ಕೂಲಿ.

ಉತ್ತರ ಬೇಗ ಬರೆ.

ಅಕ್ಕ


ಆಗಸ್ಟ್ ೨೯

ತಮ್ಮಾ,

ಮೂರು ಗುರುವಾರ ಕಳೆಯಿತು, ನಿನ್ನಿಂದ ಒಂದು ಗೆರೆ ಬರಲಿಲ್ಲ. ಅಂಚೆ ತಡವಾಯಿತು ಅಂತ ನಿನ್ನ ಪರವಾಗಿ ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ಕುರ್ಚಿ ಹೋಗುತ್ತದೆ ಅಂತ ಹೆದರಿದ್ದಾನೆ, ಹೆದರಲಿ, ಹೆದರಿಯೂ ಮಾಡುತ್ತಾನೆ ಅಂದುಕೊಂಡೆ. ಮುಷ್ಕರದ ದಿನ ಮಿಲ್ಲಿನ ಗೇಟಿನ ಮುಂದೆ ಅಮ್ಮನ ಸೆರಗು ಹಿಡಿದು ಕೂತಿದ್ದಾಗಲೂ ನೀನು ಹೆದರಿದ್ದೆ, ಆದರೆ ಎದ್ದು ಹೋಗಿರಲಿಲ್ಲ.

ಒಂದು ವಿಷಯ ನಿನಗೆ ಬೇಕೆಂದೇ ಹೇಳಿರಲಿಲ್ಲ. ಈಗ ಹೇಳುತ್ತೇನೆ.

ಲಾಯರಮ್ಮ ನಿನ್ನ ಸೊಸೆ. ನನ್ನ ಮಗಳು.

ನನ್ನ ಮಗಳು ಆರನೇ ಕ್ಲಾಸಿಗೆ ಬಂದಿದ್ದಾಳೆ ಅನ್ನುವುದು ನಿನಗೆ ಗೊತ್ತಿಲ್ಲ, ಯಾಕೆಂದರೆ ನೀನು ಕೇಳಲೇ ಇಲ್ಲ. ‘ಮಗುವಿಗೆ ಆಶೀರ್ವಾದ’ ಅಂತ ಕಾಗದದ ಕೊನೆಗೆ ಒಂದು ಸಾಲು, ಮುಗಿಯಿತು. ನಾನು ಹೇಳದೆ ಇದ್ದದ್ದಕ್ಕೆ ಕಾರಣ ಇತ್ತು. ಯಾವುದೋ ಒಂದು ಮಗುವಿಗೋಸ್ಕರ ನೀನು ಎದ್ದು ನಿಲ್ಲಬೇಕಿತ್ತು. ಸೊಸೆ ಅಂತ ಎದ್ದರೆ ಅದು ಮನೆಯ ವಿಷಯವಾಗುತ್ತದೆ, ಕಾನೂನಿನ ವಿಷಯವಾಗುವುದಿಲ್ಲ.

ಬೆಳಗಿನ ಗಂಟೆ ಹೊಡೆದ ಮೇಲೆ ಅವಳು ನನ್ನನ್ನು ಅಮ್ಮ ಅನ್ನುವ ಹಾಗಿಲ್ಲ. ಮೊದಲ ಗುರುವಾರ ಬಾಯಿತಪ್ಪಿ ಅಂದಳು, ಮಕ್ಕಳೆಲ್ಲ ನಕ್ಕರು, ಮ್ಯಾನೇಜರ್ ನನ್ನ ಹೆಸರಿನ ಮುಂದೆ ಗುರುತು ಹಾಕಿಕೊಂಡ. ಅವತ್ತಿನಿಂದ ಅವಳು ಸೆರಗಿನ ಹಿಂದೆ ಬರುವುದಿಲ್ಲ. ನಾನು ಗದರಿಸಿದರೆ ಬೇರೆ ಮಕ್ಕಳಿಗಿಂತ ಮೊದಲು ಅವಳೇ ತಲೆ ತಗ್ಗಿಸುತ್ತಾಳೆ. ಕೈ ಉರಿಯುತ್ತಿದೆ ಅಂತ ಅವಳು ಹೇಳಿದ್ದು ಆಟವಲ್ಲ, ತಮ್ಮಾ. ನಾನು ಆಟದಲ್ಲಿ ಉತ್ತರ ಕೊಟ್ಟೆ. ನಿಮ್ಮ ನಿರ್ದೇಶಕರು ಎರಡು ಸಲ ಹೇಳಿಸಿ ಚಪ್ಪರಿಸಿದ ಮಾತು ಅದೇ.

ಮನೆಯಲ್ಲಿ ಕೇಳಿದೆ, ನೀನು ಯಾಕೆ ಜೋರಾಗಿ ಅಳಲಿಲ್ಲ ಅಂತ. “ನೀನು ಬೈಸಿಕೊಳ್ತೀಯ ಅಂತ” ಅಂದಳು.

ಈಗ ಏನು ಮಾಡುತ್ತೀಯ?

ಅಕ್ಕ


ಸೆಪ್ಟೆಂಬರ್ ೬

ಅಕ್ಕನಿಗೆ ನಮಸ್ಕಾರ.

ಎರಡು ಕಾಗದವೂ ಬಂದಿವೆ. ಮೊದಲನೆಯದಕ್ಕೆ ಏನು ಬರೆಯಬೇಕೋ ತೋಚಲಿಲ್ಲ. ಎರಡನೆಯದು ಓದಿದ ಮೇಲೆ ಆ ದಿನ ಕಚೇರಿಗೆ ಹೋಗಲಿಲ್ಲ.

ಅಕ್ಕಾ, ಸಮಾಧಾನವಾಗಿ ಯೋಚಿಸು. ಬಟ್ಟೆ ಯಾರದ್ದಾದರೂ ಉಜ್ಜುವ ಶ್ರಮ ಅದೇ, ಕಲಿಕೆಯೂ ಅದೇ ಅಲ್ಲವೇ ಅಂತ ಇಲ್ಲಿ ಕೇಳುತ್ತಾರೆ. ಅದಕ್ಕೆ ಉತ್ತರ ಕೊಡುವುದು ನೀನು ಅಂದುಕೊಂಡಷ್ಟು ಸುಲಭವಲ್ಲ. ಒಗೆಯುವ ಖರ್ಚು ಉಳಿದಿದೆ ಅಂತ ವರದಿಯಲ್ಲಿ ಒಂದು ಸಾಲು ಬಂದಿತ್ತು. ನಾನು ಓದಿದ್ದೆ. ಅದರ ಅರ್ಥವನ್ನು ಪೂರ್ತಿ ಬಿಡಿಸಿ ನೋಡಲು ಹೋಗಲಿಲ್ಲ, ಅಷ್ಟೇ. ಔತಣದ ಬಾಡಿಗೆ ನಿಂತರೆ ದೊಡ್ಡಮನೆಯನ್ನೇ ಮಾರುವ ಮಾತಿದೆ. ಆಗ ಮಕ್ಕಳಿಗೆ ಚೀಟಿಯೂ ಇಲ್ಲ, ಊಟವೂ ಇಲ್ಲ, ನಿನಗೆ ಕೆಲಸವೂ ಇಲ್ಲ.

ರಬ್ಬರ್ ಗ್ಲೌಸಿನ ಒಂದು ಪೆಟ್ಟಿಗೆ ಕಳಿಸಿದ್ದೇನೆ, ನನ್ನ ಕೈಯಿಂದ. ಮಗುವಿಗೆ ಮುಲಾಮೂ ಅದರಲ್ಲಿದೆ. ಸದ್ಯಕ್ಕೆ ಅವಳನ್ನು ಗುರುವಾರ ಮನೆಯಲ್ಲೇ ಉಳಿಸಿಕೋ. ಜ್ವರ ಅಂತ ಹೇಳು. ಯಾರೂ ಕೇಳುವುದಿಲ್ಲ.

ನನ್ನ ಮೇಲೆ ಕೋಪ ಮಾಡಿಕೊಳ್ಳಬೇಡ.

ತಮ್ಮ


ಸೆಪ್ಟೆಂಬರ್ ೧೯

ಮೇಷ್ಟ್ರೇ,

ಗ್ಲೌಸು ಬಂತು. ಮ್ಯಾನೇಜರ್ ಬಿಚ್ಚಿ ನೋಡಿ ಬೀಗ ಹಾಕಿಟ್ಟ. ಆ ಕಾಲದಲ್ಲಿ ರಬ್ಬರ್ ಗ್ಲೌಸು ಇರಲಿಲ್ಲವಂತೆ. ಲಿಪ್‌ಸ್ಟಿಕ್ ಇರಬಹುದು, ಗ್ಲೌಸು ಇರಬಾರದು. ಮುಲಾಮು ಕೊಟ್ಟ. ಅದನ್ನು ಇಪ್ಪತ್ತಾರು ಮಕ್ಕಳಿಗೆ ಹಂಚಿ ಹಚ್ಚಿದೆ.

ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳಲಿಲ್ಲ. ನಿನ್ನ ಸೊಸೆ ಒಬ್ಬಳು ಜ್ವರ ಬಂದು ಮಲಗಿದರೆ ಅವಳ ಪಾಲಿನ ಬಟ್ಟೆ ಪಕ್ಕದವಳ ತೊಟ್ಟಿಗೆ ಬೀಳುತ್ತದೆ. ಇದನ್ನು ನಿನಗೆ ಹೇಳಿಕೊಡಬೇಕಾಗಿ ಬಂತಲ್ಲ ಅಂತ ನನಗೆ ನಾಚಿಕೆಯಾಯಿತು.

ನಿನ್ನೆ ಏನಾಯಿತು ಅಂತ ನಿನ್ನ ಕಚೇರಿಗೆ ಬೇರೆ ಥರ ವರದಿ ಬಂದಿರುತ್ತದೆ. ನನ್ನಿಂದಲೂ ಕೇಳು.

ಬೆಳಗಿನ ಗಂಟೆ ಹೊಡೆದು ಅರ್ಧ ತಾಸಾಗಿರಬೇಕು. ಬುಧವಾರದ ಔತಣದ್ದು, ಐದು ಬುಟ್ಟಿ. ನಿನ್ನ ಸೊಸೆ ನೀರಿನಿಂದ ಕೈ ತೆಗೆದು ನನ್ನ ಮುಂದೆ ಬಂದು ನಿಂತಳು. ಅಮ್ಮ ಅನ್ನಲಿಲ್ಲ.

“ಹಿರಿಯಮ್ಮಾ, ಒಗೆಯೋರು ಯಾವತ್ತಾದ್ರೂ ಒಗೆಯಲ್ಲ ಅಂದಿದಾರಾ?”

ನಿನ್ನ ಕಾನೂನಿನ ಪ್ರಕಾರ ನಾನು ಆ ಕಾಲ ಬಿಟ್ಟು ಈಚೆ ಬರಬಾರದು. ಬರಲಿಲ್ಲ. ಆ ಕಾಲದಲ್ಲಿ ನಿಂತುಕೊಂಡೇ ಹೇಳಿದೆ, ಅಂದಿದ್ದಾರೆ, ಬಿಸಿನೀರು ಕೊಡಿ, ಕೂಲಿ ಕೊಡಿ ಅಂದಿದ್ದಾರೆ, ತೊಟ್ಟಿಗಳನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದಾರೆ ಅಂತ. ಅಷ್ಟೇ ಹೇಳಿದ್ದು. ಮಾಡಿ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ.

ಮೊದಲ ತೊಟ್ಟಿ ಬೋರಲಾಯಿತು. ನೀರು ಚರಂಡಿಗೆ ಓಡಿತು. ಆಮೇಲೆ ಒಂದರ ಹಿಂದೆ ಒಂದು. ಮಕ್ಕಳು ಏರಿ ಕೂತರು, ಕಾಲು ಇಳಿಬಿಟ್ಟುಕೊಂಡು. ಟೀಚರಮ್ಮ ಇದೂ ಪಾಠದ ಭಾಗ ಅಂದುಕೊಂಡು ಕನ್ನಡಕ ಸರಿಮಾಡಿಕೊಂಡರು. ಅಡುಗೆಯಣ್ಣ ಒಲೆಯಿಂದ ಸೌದೆ ಹಿಂದಕ್ಕೆಳೆದ. ಯಾರೂ ಅವನಿಗೆ ಹೇಳಿರಲಿಲ್ಲ.

ಮ್ಯಾನೇಜರ್ ಇಳಿದು ಬಂದ, ಯಜಮಾನನ ಕೋಟು, ಜೇಬಿನಲ್ಲಿ ಸರಪಳಿ ಗಡಿಯಾರ. ಅವನೂ ಮೊದಲು ಆಟದಲ್ಲೇ ಇದ್ದ. ಏನಿದು ಸೋಮಾರಿಗಳಾ, ಬೆತ್ತ ತರಿಸಲಾ ಅಂದ. ಮಕ್ಕಳೂ ಆಟದಲ್ಲೇ ಉತ್ತರ ಕೊಟ್ಟರು, ಬಿಸಿನೀರು ಕೊಡಿ ಯಜಮಾನ್ರೇ ಅಂತ. ಅವನು ನಕ್ಕ. ಮಕ್ಕಳು ನಗಲಿಲ್ಲ. ಅವನು ಬುಟ್ಟಿಗಳನ್ನು ನೋಡಿದ, ಬಿಸಿಲು ಎಷ್ಟು ಏರಿದೆ ಅಂತ ನೋಡಿದ, ಒಣಹಾಕುವ ಹಗ್ಗ ಖಾಲಿ ಇದ್ದದ್ದನ್ನು ನೋಡಿದ.

“ಸಾಕು, ಆಟ ಸಾಕು. ನಾಳೆ ಸಂಜೆ ಎಂಬತ್ತು ಜನ ಊಟಕ್ಕೆ ಬರ್ತಿದಾರೆ. ಬಟ್ಟೆ ಇವತ್ತೇ ಒಣಗಬೇಕು. ಏಳಿ.”

ಮುಗಿಸುವ ಗಂಟೆ ಇನ್ನೂ ಹೊಡೆದಿರಲಿಲ್ಲ. ಆ ಕಾಲ ಬಿಟ್ಟು ಮೊದಲು ಈಚೆ ಬಂದವನು ಅವನು.

ಟೀಚರಮ್ಮ ಬೆಂಚಿನಿಂದ ಎದ್ದರು. ಆ ಹೆಂಗಸು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ. ಈಗಲೂ ಜೋರಾಗಿ ಆಡಲಿಲ್ಲ. “ಯಾವ ಊಟ ಸರ್? ಯಾರ ಬಟ್ಟೆ ಇದು?” ಅಂದರು. ಒಂದು ಚೌಕ ಎತ್ತಿದರು, ಮೂಸಿದರು. ಮಕ್ಕಳ ಕೈಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಆಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹಿತ್ತಲ ಗೇಟಿನ ಕಡೆ ಹೋಗದೆ, ಮನೆಯೊಳಗಿಂದ, ರತ್ನಗಂಬಳಿಯ ಮೇಲೆ, ಒದ್ದೆ ಕಾಲಿನಲ್ಲೇ ನಡೆಸಿ ಮುಂಬಾಗಿಲಿನಿಂದ ಕರೆದುಕೊಂಡು ಹೋದರು.

ಇವತ್ತು ಬೆಳಿಗ್ಗೆ ನನ್ನನ್ನು ಗೇಟಿನಲ್ಲೇ ನಿಲ್ಲಿಸಿದರು. ಮಕ್ಕಳನ್ನು ಕೆಲಸದ ವಿರುದ್ಧ ಎತ್ತಿಕಟ್ಟಿದೆನಂತೆ. ಎತ್ತಿಕಟ್ಟಲು ಅದು ಅವರ ಕೆಲಸ ಯಾವಾಗ ಆಯಿತು ಅಂತ ಕೇಳಿದೆ. ವಿಚಾರಣೆಯಲ್ಲಿ ಹೇಳಿ ಅಂದರು.

ಅಕ್ಕ


ಸೆಪ್ಟೆಂಬರ್ ೨೭

ಅಕ್ಕಾ,

ನೀನು ನನ್ನನ್ನು ಮೇಷ್ಟ್ರೇ ಅಂದದ್ದು ಇದೇ ಮೊದಲು.

ವಿಚಾರಣೆ ಸೋಮವಾರ, ಅಕ್ಟೋಬರ್ ೬, ಬೆಳಿಗ್ಗೆ ಹನ್ನೊಂದಕ್ಕೆ, ದೊಡ್ಡಮನೆಯ ಹಾಲಿನಲ್ಲಿ. ಮೂವರು ಕೂರುತ್ತಾರೆ. ಒಬ್ಬರು ನಿರ್ದೇಶಕರು, ಒಬ್ಬರು ವಕೀಲರು. ಮೂರನೆಯವನು ನಾನು. ಹಿರಿಯ ಕೆಲಸದವಳು ಕೈಪಿಡಿ ಮೀರಿದಳೇ ಇಲ್ಲವೇ ಅಂತ ಕೈಪಿಡಿ ಬರೆದವನೇ ಹೇಳಲಿ ಅಂತ ನಿರ್ಧಾರವಾಗಿದೆ. ಸಂಬಂಧಿಕ ಅಂತ ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. “ಅದಕ್ಕೇ ನೀವು ಬೇಕು, ತಮ್ಮನೇ ಹೇಳಿದ ಮೇಲೆ ಯಾರೂ ಎದ್ದು ಮಾತಾಡಲ್ಲ” ಅಂದರು.

ಇನ್ನೊಂದು ವಿಷಯ ನೀನು ಬೇರೆಯವರಿಂದ ಕೇಳುವುದು ಬೇಡ. ಚೀಟಿ ನಿಲ್ಲಿಸುವ ಆದೇಶಕ್ಕೆ ಸಹಿ ಹಾಕಿದವನು ನಾನು. ಏಪ್ರಿಲ್‌ನಲ್ಲಿ. ಫೀಸಿನ ಶಾಲೆಗಳು ಬಿಟ್ಟು ಹೋಗುತ್ತೇವೆ ಅಂದಿದ್ದವು. ಒಂದು ವರ್ಷದ ಮಟ್ಟಿಗೆ ಅಂತ ನನಗೆ ನಾನೇ ಹೇಳಿಕೊಂಡೆ. ಜೂನಿನಲ್ಲಿ ನಿನ್ನ ಕಾಗದ ಬಂದಾಗ ‘ಮೇಲಿನವರ ಗಮನಕ್ಕೆ ತಂದಿದ್ದೇನೆ’ ಅಂತ ಬರೆದೆನಲ್ಲ, ಯಾರ ಗಮನಕ್ಕೂ ತಂದಿರಲಿಲ್ಲ.

ನನಗೆ ಒಂದು ದಾರಿ ಕಾಣುತ್ತಿದೆ. ನೀನು ಒಂದೇ ಒಂದು ಸಾಲು ಬರೆದುಕೊಡು, ಮಕ್ಕಳ ಪ್ರಶ್ನೆಗೆ ಆತುರದಲ್ಲಿ ಉತ್ತರ ಕೊಟ್ಟೆ, ತಪ್ಪಾಯಿತು ಅಂತ. ಕೆಲಸ ಉಳಿಸುತ್ತೇನೆ. ಸೋಡಾ ತೆಗೆಸುತ್ತೇನೆ. ಗುರುವಾರವನ್ನು ನಿಧಾನವಾಗಿ ಕಡಿಮೆ ಮಾಡಿಸುತ್ತೇನೆ. ಬರೆಯದಿದ್ದರೆ ನಾನು ಆ ಕುರ್ಚಿಯಲ್ಲಿ ಕೂತು ಏನಾದರೊಂದು ಹೇಳಲೇಬೇಕು. ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ ಅಕ್ಕಾ. ಇದು ಹೊರಳಿಸುವ ಮಾತಲ್ಲ.

ತಮ್ಮ


ಅಕ್ಟೋಬರ್ ೧

ಮೇಷ್ಟ್ರೇ,

ತಪ್ಪಾಯಿತು ಅಂತ ಬರೆಯುವುದಿಲ್ಲ. ನನ್ನದೂ ಒಂದು ತಪ್ಪಿದೆ, ಅದನ್ನು ನಾನು ಮಗಳ ಮುಂದೆ ಒಪ್ಪಿಕೊಂಡಾಗಿದೆ. ನಿಮ್ಮ ಮೂರು ಕುರ್ಚಿಗಳಿಗೆ ಅದರಲ್ಲಿ ಕೆಲಸವಿಲ್ಲ.

ಇಲ್ಲಿ ಎಲ್ಲರೂ ನನ್ನನ್ನು ಹೊತ್ತು ಮೆರೆಸುತ್ತಿದ್ದಾರೆ ಅಂದುಕೊಳ್ಳಬೇಡ. ಹೋದ ಗುರುವಾರ ಒಗೆತವೂ ಇಲ್ಲ, ಊಟವೂ ಇಲ್ಲ. ಒಬ್ಬ ತಾಯಿ ಮನೆಬಾಗಿಲಿಗೆ ಬಂದು, ನಿನ್ನ ಹಟಕ್ಕೆ ನನ್ನ ಮಗನ ತಟ್ಟೆ ಕಿತ್ತುಕೊಂಡೆಯಲ್ಲ ಅಂದಳು. ಒಳಗೆ ಬಾ ಅಂದೆ, ಬರಲಿಲ್ಲ. ಮಾತು ಬಿಟ್ಟಿದ್ದ ನನ್ನ ಜೊತೆಗಾರ್ತಿ ಮಾತ್ರ ಬಂದಳು. ಅರ್ಧ ಗಂಟೆ ಬೈದು, ಕೊನೆಗೆ ವಿಚಾರಣೆಗೆ ಮೊದಲು ನಾವು ಕರೆದಿರುವ ಸಭೆ ಯಾವಾಗ ಅಂತ ಕೇಳಿ ಹೋದಳು. ಲಾಂಡ್ರಿಯವನು ಬರುತ್ತೇನೆ ಅಂದಿದ್ದಾನೆ, ಮಕ್ಕಳ ಮುಖ ನೋಡಲು ಆಗುವುದಿಲ್ಲ, ಹಿಂದೆ ನಿಲ್ಲುತ್ತೇನೆ ಅಂದ. ಟೀಚರಮ್ಮನಿಗೆ ದೂರದ ಶಾಲೆಗೆ ವರ್ಗದ ಬೆದರಿಕೆ ಬಂದಿದೆ. ಆದರೂ ಶಾಲೆಯ ಬೀಗ ತೆರೆಯುತ್ತಾರೆ. ಮನೆಯಲ್ಲಿ ನಿನ್ನ ಭಾವ ನನ್ನ ಜೊತೆ ಜಗಳವಾಡಿ ಎರಡು ದಿನ ಉಂಡಿಲ್ಲ. ಕೆಲಸ ಹೋದರೆ ಕೆಲಸದವರಿಗೆ ಅಂತ ಕೊಟ್ಟ ಈ ಮನೆಯೂ ಹೋಗುತ್ತದೆ. ಅದು ನನಗೂ ಗೊತ್ತು.

ನಾವು ಕೇಳುವುದು ಇಷ್ಟು. ಔತಣದ ಬಟ್ಟೆ ಮತ್ತೆ ಲಾಂಡ್ರಿಗೆ ಹೋಗಬೇಕು. ತೆಗೆದ ಇಬ್ಬರು ವಾಪಸ್ ಬರಬೇಕು. ಮಕ್ಕಳು ಬರಲಿ, ಊಟವೂ ಇರಲಿ, ಆದರೆ ಎಲ್ಲರೂ ಮುಂಬಾಗಿಲಿನಿಂದ ಬರಲಿ, ಎಲ್ಲರೂ ಚೀಟಿ ಎತ್ತಲಿ. ಫೀಸಿನ ಶಾಲೆಯ ಮಗುವೂ ಒಂದು ಬಟ್ಟೆ ಹಿಂಡಲಿ, ಅದಕ್ಕೂ ಗೊತ್ತಾಗಲಿ. ನೀನು ಮೊದಲು ಬರೆದಿದ್ದು ಇದನ್ನೇ. ಅಮ್ಮನ ಬೆನ್ನು ಏಳುವುದನ್ನೂ ಬೀಳುವುದನ್ನೂ ನೋಡಿ ಬರೆದಿದ್ದು. ಆಮೇಲೆ ನೀನು ಸಹಿ ಹಾಕಿದ್ದು ಬೇರೆ. ಎರಡೂ ನಿನ್ನವೇ. ಯಾವುದನ್ನು ಓದುತ್ತೀಯ ಅನ್ನುವುದು ನಿನಗೆ ಬಿಟ್ಟದ್ದು.

ನಿನ್ನ ಸೊಸೆ ಕೇಳುತ್ತಾಳೆ, “ಮಾವ ಯಾವ ಕಡೆ ಕೂರ್ತಾರೆ?” ಗೊತ್ತಿಲ್ಲ ಅಂದೆ. ಅವಳು, ಅವರಿಗೂ ಚೀಟಿ ಎತ್ತಿಸೋಣ ಅಂದಳು. ಬೇಡ, ದೊಡ್ಡವರು ತಾವೇ ಕೂತುಕೊಳ್ಳಬೇಕು ಅಂದೆ.

ಸೋಮವಾರ ಆ ಕುರ್ಚಿಯಲ್ಲಿ ಕೂರುವ ಮೊದಲು ಇಪ್ಪತ್ತಾರು ಮಕ್ಕಳ ಮುಂದೆ ಬಂದು ನಿಲ್ಲು. ನಮ್ಮಲ್ಲಿ ಕುರ್ಚಿ ಇಲ್ಲ. ನೀನು ಏನು ಮಾಡಿದೆ ಅನ್ನುವುದನ್ನು ನೀನೇ ಹೇಳು. ಹೇಳಿದ ಮೇಲೆ 'ಮೇಷ್ಟ್ರೇ' ಅನ್ನುವುದನ್ನು ಬಿಡುತ್ತೇನೆ. ಬರದಿದ್ದರೂ ಸಭೆ ನಡೆಯುತ್ತದೆ.

ಸರ್ಕಾರಿ ಶಾಲೆಯ ಅಂಗಳ. ಅಕ್ಟೋಬರ್ ೫, ಭಾನುವಾರ, ಸಂಜೆ ನಾಲ್ಕು ಗಂಟೆ.